ಬೆಳಗಿನ ವಚನ, ಶುಕ್ರವಾರದ ಟೈಮ್‌ಶೀಟ್

— ಮಾವ, ಬೇಜಾರು ಮಾಡ್ಕೊಳ್ಬೇಡಿ. ಬೆಳಿಗ್ಗೆ ಆರಕ್ಕೆ ಸಭೆಯ ಗ್ರೂಪಿಗೆ ‘ಅನುದಿನದ ಚಿಂತನೆ’ ಅಂತ ಹಾಕ್ತೀರಲ್ಲ, ಅದನ್ನು ನಾನೀಗ ಓದುವುದಿಲ್ಲ. ಕೈಮುಗಿಯುವ ಚಿತ್ರ ಒಂದು ಒತ್ತಿ ಬಿಡ್ತೇನೆ.

— ಗೊತ್ತುಂಟು. ಆರಕ್ಕೆ ಹಾಕಿದ್ದಕ್ಕೆ ಆರು ಗಂಟೆ ಒಂದು ನಿಮಿಷಕ್ಕೆ ಹತ್ತು ಹದಿನೈದು ಕೈಮುಗಿತ ಬಂದಾಗಿರ್ತದೆ. ಅಷ್ಟು ಬೇಗ ಓದಿ ಮುಗಿಸುವವರು ನಮ್ಮ ಸಭೆಯಲ್ಲಿ ಯಾರೂ ಇಲ್ಲ, ಸಭಾಪಾಲಕರನ್ನೂ ಸೇರಿಸಿ ಹೇಳ್ತೇನೆ. ಹೋಗಲಿ, ಯಾಕೆ ಓದುವುದಿಲ್ಲ? ಹೇಳು, ಕೇಳ್ತೇನೆ.

— ಸಿಹಿ ಜಾಸ್ತಿ. ಯೆರೆಮೀಯ 29:11 ಈ ವರ್ಷದಲ್ಲೇ ಎಷ್ಟು ಸಲ ಬಂತು ನೀವೇ ನೋಡಿ. ದೇವರು ನಿಮಗೋಸ್ಕರ ಒಳ್ಳೆಯದನ್ನೇ ಯೋಚಿಸಿದ್ದಾನೆ, ಕೇಡನ್ನಲ್ಲ, ಮುಂದೆ ಒಳ್ಳೆಯ ದಿನ ಉಂಟು. ಕೆಳಗೆ ಸೂರ್ಯೋದಯದ ಫೋಟೋ.

— ಫೋಟೋ ಹಾಕುವುದು ನಿನ್ನ ಅತ್ತೆ, ನಾನಲ್ಲ. ವಚನದ ವಿಷಯ ಹೇಳುವುದಾದರೆ, ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡ್ ತೆಗೆದುಕೊಳ್ತಾರಲ್ಲ, ತಟ್ಟೆಯಿಂದ? ಆ ಕಾರ್ಡಿನಲ್ಲಿ ಅರ್ಧ ಜನಕ್ಕೆ ಅದೇ ಬಂದಿರ್ತದೆ. ಅದರ ಮೇಲೆ ಬರೆಯಿರಿ ಅಂತ ಅವರೇ ಹೇಳ್ತಾರೆ.

— ಬಾರದೆ ಎಂತ ಆಗ್ತದೆ? ಕಾರ್ಡ್ ಅಚ್ಚು ಮಾಡುವವರು ಅದನ್ನೇ ಹಾಕ್ತಾರೆ. ವ್ಯಾಪಾರದಲ್ಲಿ ಮೋಸ ಮಾಡುವವರಿಗೆ ಆಮೋಸ ಬೈದದ್ದನ್ನು ಚಿನ್ನದ ಬಣ್ಣದ ಅಂಚು ಕೊಟ್ಟು ಯಾರಾದರೂ ಕಾರ್ಡ್ ಮಾಡಿದ್ದು ನೋಡಿದ್ದೀರಾ?

— ಇಲ್ಲ. ಮಾಡಿದರೂ ತಟ್ಟೆಯಲ್ಲಿ ಉಳಿದು ಹೋಗ್ತದೆ. ಸುರುಟಿ ಇಟ್ಟಿದ್ದರೂ ಜನಕ್ಕೆ ವಾಸನೆ ಗೊತ್ತಾಗ್ತದೆ.

— ತಮಾಷೆ ಬೇಡ ಮಾವ. ಆ 29:11 ಯಾರಿಗೆ ಬರೆದದ್ದು ಅಂತ ನೀವು ಒಂದು ಸಲವೂ ಹೇಳಲಿಲ್ಲ. ಅದು ಕಾಗದ. ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹಿಡಿದುಕೊಂಡು ಹೋದ ಜನರಿಗೆ ಯೆರೆಮೀಯ ಊರಿಂದ ಬರೆದ ಕಾಗದ. ಹಿಂದಿನ ಅಧ್ಯಾಯದಲ್ಲೇ ಹನನ್ಯ ಅಂತ ಇನ್ನೊಬ್ಬ ಪ್ರವಾದಿ ಬರ್ತಾನೆ. ಎರಡೇ ವರ್ಷ, ಹೋದವರೆಲ್ಲ ವಾಪಸು ಬರ್ತಾರೆ ಅಂತ ದೇವಾಲಯದಲ್ಲಿ ಎಲ್ಲರ ಎದುರು ಹೇಳಿ, ಯೆರೆಮೀಯನ ಕುತ್ತಿಗೆಯಲ್ಲಿದ್ದ ನೊಗವನ್ನು ಮುರಿದು ಹಾಕ್ತಾನೆ. ಜನ ಚಪ್ಪಾಳೆ ತಟ್ಟಿರಬೇಕು. ಯೆರೆಮೀಯನ ಕಾಗದದಲ್ಲಿರುವುದು ಎರಡು ವರ್ಷ ಅಲ್ಲ, 70 ವರ್ಷ. ಹತ್ತನೇ ವಚನ. ನೀವು ಹತ್ತು ಬಿಟ್ಟು ಹನ್ನೊಂದು ಹಾಕ್ತೀರಿ. ಹತ್ತು ಓದದೆ ಹನ್ನೊಂದು ಓದಿದರೆ ಅದು ಯೆರೆಮೀಯನ ಮಾತಲ್ಲ, ಹನನ್ಯನ ಮಾತು.

— ಎಲ್ಲಿ ಓದಿದ್ದು ಇಷ್ಟೆಲ್ಲ?

— ಮೆಟ್ರೋದಲ್ಲಿ. ಹೋಗುವಾಗ ಒಂದು ಅಧ್ಯಾಯ, ಬರುವಾಗ ಒಂದು. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಚನಗಳು ಎಲ್ಲೆಲ್ಲಿಂದ ಕಿತ್ತುಕೊಂಡು ಬಂದದ್ದು ಅಂತ ಈಗ ಗೊತ್ತಾಗ್ತಾ ಉಂಟು.

— ಒಳ್ಳೆಯದು. ಆದ್ರೆ ನನ್ನ ಕಷ್ಟವನ್ನೂ ಸ್ವಲ್ಪ ನೋಡು ಮಾರಾಯ್ತಿ. ಆರು ಗಂಟೆಗೆ ಆ ಗ್ರೂಪನ್ನು ನಿಜವಾಗಿ ಓದುವವರು ಯಾರು? ನಿನ್ನ ಹಾಗೆ ಬೆಂಗಳೂರಿನಲ್ಲಿ ಏಳೂವರೆಗೆ ಏಳುವವರಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸಿಗೆ ಹೋಗುವವರೊಬ್ಬರಿದ್ದಾರೆ, ಅವರು ಆ ಹೊತ್ತಿಗೆ ರಿಕ್ಷಾ ಕಾಯ್ತಾ ಇರ್ತಾರೆ. ಮಗ ಗಲ್ಫಿನಲ್ಲಿ, ಸಂಬಳ ಆಗದೆ ತಿಂಗಳುಗಟ್ಟಲೆ ಕೂತಿದ್ದಾನೆ, ಅವನ ತಾಯಿ ಇದ್ದಾರೆ. ಅವರಿಗೆ ಬೆಳ್ಳಂಬೆಳಿಗ್ಗೆ 70 ವರ್ಷ ಅಂತ ಬರೆಯುವುದಾ? ನಾನು ಪ್ರವಾದಿ ಅಲ್ಲ, ರಿಟೈರ್ಡ್ ಮೇಷ್ಟ್ರು.

— ಅವರಿಗೆ ಐದನೇ ವಚನದಿಂದ ಏಳರವರೆಗೆ ಬರೆಯಿರಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಬೆಳೆದದ್ದನ್ನು ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಹಿಡಿದುಕೊಂಡು ಹೋದ ಆ ಊರಿನ ಕ್ಷೇಮಕ್ಕಾಗಿಯೂ ಪ್ರಾರ್ಥನೆ ಮಾಡಿ. ಯಾವಾಗ ಬಿಡುಗಡೆ ಅಂತ ಗೊತ್ತಿಲ್ಲದವರಿಗೆ ಇವತ್ತು ಮಾಡಲಿಕ್ಕೆ ಒಂದು ಕೆಲಸ ಸಿಗ್ತದೆ. ಅದು ಕಹಿ ಅಂತ ನಿಮಗೆ ಯಾಕೆ ಅನ್ನಿಸ್ತದೆ ಅಂತ ನನಗೆ ಗೊತ್ತಾಗುವುದಿಲ್ಲ.

— ಆ ಡಯಾಲಿಸಿಸಿನವರು ಮೊನ್ನೆ ಸಿಕ್ಕಿದಾಗ ಒಂದು ಮಾತು ಹೇಳಿದರು. ಮೇಷ್ಟ್ರೇ, ಅವರು ನನ್ನನ್ನು ನಾಲ್ಕು ಗಂಟೆ ಆ ಮೆಷಿನಿಗೆ ಕಟ್ಟಿ ಹಾಕ್ತಾರೆ, ನಿಮ್ಮದು ಎರಡು ನಿಮಿಷದಲ್ಲಿ ಮುಗೀತದೆ, ಸ್ವಲ್ಪ ಉದ್ದದ್ದು ಕಳಿಸಿ ಅಂತ. ಅದು ಹೊಗಳಿಕೆಯೋ ದೂರೋ ಅಂತ ನನಗೆ ಇನ್ನೂ ಬಗೆಹರಿಯಲಿಲ್ಲ.

— ದೂರು.

— ಇರಬಹುದು. ಆದ್ರೆ ಒಂದೊಂದೇ ವಚನ ಕೊಡುವ ಈ ರೂಢಿ ನಾನು ಶುರು ಮಾಡಿದ್ದಲ್ಲ. ಪೌಲ ಕಾಗದ ಬರೆದಾಗ ಅದಕ್ಕೆ ಅಧ್ಯಾಯವೂ ಇಲ್ಲ, ಅಂಕಿಯೂ ಇಲ್ಲ. ಸಭೆಯಲ್ಲಿ ಒಬ್ಬರು ನಿಂತು ಓದ್ತಿದ್ದರು, ಉಳಿದವರು ಕೇಳ್ತಿದ್ದರು. ಆಮೇಲೆ ಪಕ್ಕದ ಊರಿನ ಸಭೆಗೆ ಕಳಿಸ್ತಿದ್ದರು. ಕೊಲೊಸ್ಸೆಯವರು ತಮ್ಮ ಕಾಗದವನ್ನು ಲವೊದಿಕೀಯದಲ್ಲಿಯೂ ಓದಿಸಬೇಕು ಅಂತ ಅವನೇ ಕಡೆಯಲ್ಲಿ ಬರೆದಿದ್ದಾನೆ. ಹೊಸ ಒಡಂಬಡಿಕೆಗೆ ಈಗಿರುವ ವಚನಗಳ ಅಂಕಿ ಬಂದದ್ದು 1551ರಲ್ಲಿ. ರಾಬರ್ಟ್ ಎಸ್ಟಿಯೆನ್ ಅಂತ ಪ್ಯಾರಿಸ್ಸಿನ ಪ್ರೆಸ್ಸಿನವನು. ಅಲ್ಲಿಂದ ಜಿನೀವಾಕ್ಕೆ ಹೋದವನು ಅಲ್ಲಿ ಅಚ್ಚು ಹಾಕಿದ ಗ್ರೀಕ್ ಪುಸ್ತಕದಲ್ಲಿ ಅಂಕಿ ಕೊಟ್ಟ. ಪ್ಯಾರಿಸ್ಸಿನಿಂದ ಲಿಯೋನಿಗೆ ಪ್ರಯಾಣ ಮಾಡುವಾಗ ಅಪ್ಪ ಆ ಕೆಲಸ ಮಾಡಿದ್ದು ಅಂತ ಅವನ ಮಗ ಬರೆದಿಟ್ಟಿದ್ದಾನೆ. ಕುದುರೆ ಮೇಲೆ ಕೂತೇ ಮಾಡಿರಬೇಕು, ಕುದುರೆ ಎಡವಿದಲ್ಲೆಲ್ಲ ವಚನ ತುಂಡಾಗಿದೆ ಅಂತ ಆಮೇಲಿನವರು ನಗಾಡಿದ್ದುಂಟು.

— ಅಂದ್ರೆ ನಾವು ಫ್ರೇಮು ಹಾಕಿ ಗೋಡೆಗೆ ತೂಗುವುದು ಒಬ್ಬ ಪ್ರೆಸ್ಸಿನವನ ಗುರುತು.

— ಗುರುತು ಅವನದ್ದು, ಮಾತು ಅವನದ್ದಲ್ಲ. ಅಷ್ಟು ಬೇಗ ಗೆದ್ದೆ ಅಂತ ಹೇಳ್ಬೇಡ.

— ಗೋಡೆ ಅಂದಾಗ ನೆನಪಾಯ್ತು. ಕೊರೋನಾ ಹೊತ್ತಿಗೆ ನಮ್ಮ ಎಷ್ಟೋ ಮನೆಗಳ ಬಾಗಿಲಲ್ಲಿ 91ನೇ ಕೀರ್ತನೆ ಅಂಟಿಸಿದ್ದರು. ಈಗಲೂ ಕಾರಿನ ಗಾಜಿನಲ್ಲಿ ಕಾಣ್ತದೆ. ದೇವದೂತರು ಎತ್ತಿಕೊಂಡು ಕಾಪಾಡ್ತಾರೆ, ಕಾಲಿಗೆ ಕಲ್ಲೂ ತಾಗುವುದಿಲ್ಲ ಅಂತ ಉಂಟಲ್ಲ, ಆ ಭಾಗವನ್ನು ಒಬ್ಬನಿಗೋಸ್ಕರ ಕಿತ್ತು ಹೇಳಿದವನು ಇಡೀ ಸುವಾರ್ತೆಯಲ್ಲಿ ಒಬ್ಬನೇ. ಸೈತಾನ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಹಾರು, ವೇದದಲ್ಲೇ ಬರೆದಿದೆಯಲ್ಲ ಅಂತ ಹೇಳ್ತಾನೆ. ಮತ್ತಾಯ ನಾಲ್ಕು.

— ಅದಕ್ಕೆ ಯೇಸು ಕೊಟ್ಟ ಉತ್ತರವೂ ವೇದದ ವಚನವೇ. ಧರ್ಮೋಪದೇಶಕಾಂಡ ಆರನೇ ಅಧ್ಯಾಯದ್ದು. ಅವನೂ ಒಂದನ್ನೇ ಹೇಳಿದ್ದು, ಇಡೀ ಪುಸ್ತಕ ಓದಿಸಲಿಲ್ಲ. ಹಾಗಾಗಿ ಒಂಟಿ ವಚನ ಅಂತ ಬೈದು ಪ್ರಯೋಜನ ಇಲ್ಲ. ಯಾರು ಆರಿಸುವುದು, ಯಾತಕ್ಕೆ ಆರಿಸುವುದು, ಅದನ್ನು ಕೇಳ್ಬೇಕು. ಆರಿಸುವ ವಿಷಯದಲ್ಲಿ ಒಳ್ಳೆಯವರೂ ಜಾಣರೇ. ನಿನ್ನ ಅಜ್ಜನನ್ನೇ ತೆಗೆದುಕೋ.

— ಅಜ್ಜ ಎಂತ ಮಾಡಿದ್ದು?

— ಮೂಲ್ಕಿಯಲ್ಲಿ ಅಂಗಡಿ ಇತ್ತಲ್ಲ, ಆ ಕಾಲದ ಲೆಕ್ಕದ ಪುಸ್ತಕ ಮೂರು ಇನ್ನೂ ಅಟ್ಟದಲ್ಲಿ ಉಂಟು. ಪ್ರತಿ ದಿನದ ಪುಟದ ಮೇಲೆ ಎಡಮೂಲೆಯಲ್ಲಿ ವಚನದ ಅಂಕಿ ಮಾತ್ರ ಬರೀತಿದ್ದರು. ಬೆಳಿಗ್ಗೆ ಮನೆಯ ಪ್ರಾರ್ಥನೆಯಲ್ಲಿ ಓದಿದ್ದು. ಅದರ ಕೆಳಗೆ ಉದ್ರಿ. ಯಾರಿಗೆ ಎಷ್ಟು ಅಕ್ಕಿ, ಎಷ್ಟು ಸೀಮೆಎಣ್ಣೆ, ಯಾರು ಎಷ್ಟು ಕೊಟ್ಟರು. ‘ಜ್ಞಾ 11:1’ ಅಂತ ಒಂದು ಪುಟದ ಮೇಲೆ ಉಂಟು. ಮೋಸದ ತಕ್ಕಡಿ ದೇವರಿಗೆ ಹೇಸಿಗೆ ಅಂತ ಬರ್ತದಲ್ಲ, ಅದು. ಅವರ ತಕ್ಕಡಿಯಲ್ಲಿ ಮೋಸ ಇರಲಿಲ್ಲ. ಇಲಾಖೆಯವರು ಬಂದು ತೂಕದ ಕಲ್ಲಿಗೆ ಮುದ್ರೆ ಹಾಕಿ ಹೋಗ್ತಿದ್ದರು, ಎಲ್ಲ ಸರಿಯಾಗಿತ್ತು. ಆದ್ರೆ ಆ ವಚನ ಓದಿದ ದಿನದಿಂದ ಅಪ್ಪ ಒಂದು ಹೊಸ ಅಭ್ಯಾಸ ಮಾಡಿಕೊಂಡರು. ಆಗ ಪ್ಲಾಸ್ಟಿಕ್ ಎಲ್ಲಿತ್ತು? ಸಕ್ಕರೆ, ಬೇಳೆ ಎಲ್ಲ ಹಳೆ ಪೇಪರಿನಲ್ಲಿ ಪೊಟ್ಟಣ. ಪೇಪರನ್ನು ತಟ್ಟೆಗೆ ಹಾಕಿ ಅದರ ಮೇಲೆ ಸಕ್ಕರೆ ಸುರಿದು ತೂಗುವುದು. ಅಂದ್ರೆ ಪೇಪರಿಗೂ ಸಕ್ಕರೆಯ ದರ. ಅಪ್ಪ ಅಷ್ಟೇ ಅಗಲದ ಇನ್ನೊಂದು ತುಂಡು ಪೇಪರ್ ಹರಿದು ಆಚೆ ತಟ್ಟೆಯಲ್ಲಿ ಕಲ್ಲಿನ ಕೆಳಗೆ ಹಾಕ್ಲಿಕ್ಕೆ ಶುರು ಮಾಡಿದರು. ನಾನು ಅಂಗಡಿಯಲ್ಲಿ ಕೂತು ಪೇಪರ್ ಹರಿದು ಕೊಡುವ ಕೆಲಸ ಮಾಡ್ತಿದ್ದೆ, ಹಾಗಾಗಿ ಗೊತ್ತು.

— ಒಂದು ಪೇಪರಿನ ತೂಕದಲ್ಲಿ ಎಷ್ಟು ಸಕ್ಕರೆ ಬರ್ತದೆ ಮಾವ?

— ಒಂದು ಚಮಚವೂ ಬರ್ಲಿಕ್ಕಿಲ್ಲ. ಗಿರಾಕಿಗಳು ಮೊದಲು ನಗಾಡಿದರು. ಆಮೇಲೆ ಪಕ್ಕದ ಅಂಗಡಿಯಲ್ಲೂ ಹೋಗಿ, ನಮಗೂ ಕಲ್ಲಿನ ಕೆಳಗೆ ಪೇಪರ್ ಹಾಕಿ ಅಂತ ಕೇಳಿದರು. ಅಲ್ಲಿಂದ ಆ ಅಂಗಡಿಯವರು ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಇವರ ಧರ್ಮದಿಂದ ನೆರೆಹೊರೆಯವರಿಗೆ ತಲೆನೋವು ಅಂತ ಅಮ್ಮ ಒಲೆಯ ಹತ್ತಿರ ಗೊಣಗ್ತಿದ್ದದ್ದು ನನಗೆ ಚೆನ್ನಾಗಿ ನೆನಪುಂಟು.

— ಅಜ್ಜನ ಬಗ್ಗೆ ಇದನ್ನು ಯಾರೂ ನನಗೆ ಹೇಳಲೇ ಇಲ್ಲ.

— ತಡಿ, ಪೂರ್ತಿ ಕೇಳು. ಆ ಮೂರೂ ಪುಸ್ತಕವನ್ನು ನಾನು ಪುಟಪುಟ ತಿರುಗಿಸಿ ನೋಡಿದ್ದೇನೆ. ಜ್ಞಾನೋಕ್ತಿ ಉಂಟು, ಕೀರ್ತನೆ ಉಂಟು, ಯಾಕೋಬ ಉಂಟು. ಲೂಕ 6:35 ಎಲ್ಲೂ ಇಲ್ಲ. ವಾಪಸು ಬರ್ತದೆ ಅಂತ ಆಸೆ ಇಟ್ಟುಕೊಳ್ಳದೆ ಸಾಲ ಕೊಡಿ ಅಂತ ಯೇಸು ಹೇಳಿದ್ದು. ಪ್ರತಿ ದಿನ ವೇದ ಓದುವ ಮನುಷ್ಯ, ಅಷ್ಟು ವರ್ಷದಲ್ಲಿ ಲೂಕನ ಆರನೇ ಅಧ್ಯಾಯ ಬರದೆ ಇರ್ತದಾ? ಬಂದಿರ್ತದೆ. ಉದ್ರಿ ಪುಸ್ತಕದ ನೆತ್ತಿಯ ಮೇಲೆ ಅದನ್ನು ಬರೆಯುವ ಧೈರ್ಯ ಬರಲಿಲ್ಲ. ಬಾಕಿ ವಸೂಲಿಯಲ್ಲಿ ಅಪ್ಪ ಸಭಾಪಾಲಕರನ್ನೂ ಬಿಟ್ಟವರಲ್ಲ.

— ಹಾಗಾದ್ರೆ ನೀವು ನನ್ನ ಮಾತನ್ನೇ ಹೇಳ್ತಿದ್ದೀರಿ. ನಮಗೆ ಬೇಕಾದ್ದನ್ನು ನಾವು ಆರಿಸ್ತೇವೆ.

— ಹೌದು. ಅದಕ್ಕೆ ಮದ್ದು ಅಂತ ಹಳಬರು ಒಂದು ಉಪಾಯ ಮಾಡಿದ್ದರು, ಚೀಟಿ ಎತ್ತುವುದು. ಜರ್ಮನಿಯ ಪೂರ್ವದ ಮೂಲೆಯಲ್ಲಿ ಹರ್ನ್‌ಹುಟ್ ಅಂತ ಊರು. ಮೊರಾವಿಯದಿಂದ ತಮ್ಮ ನಂಬಿಕೆಗಾಗಿ ಓಡಿ ಬಂದವರಿಗೆ ತ್ಸಿನ್‌ಸೆಂಡಾರ್ಫ್ ಅಂತ ಒಬ್ಬ ಜಮೀನ್ದಾರ ತನ್ನ ಜಾಗದಲ್ಲಿ ಇರಲಿಕ್ಕೆ ಬಿಟ್ಟ, 1722ರಲ್ಲಿ. 1728ರ ಮೇ 3ರಂದು ಸಂಜೆ ಪ್ರಾರ್ಥನೆಯಲ್ಲಿ ಅವನು ಮರುದಿನಕ್ಕೆ ಅಂತ ಒಂದು ಸಾಲು ಹೇಳಿಕೊಟ್ಟ. ಅಲ್ಲಿಂದ ಅದು ದಿನಚರಿಯೇ ಆಯ್ತು. ಬೆಳಿಗ್ಗೆ ಮನೆಮನೆಗೆ ಹೋಗಿ ಆ ದಿನದ ವಚನ ಹೇಳಿ ಬರುವುದು. 1731ಕ್ಕೆ ಇಡೀ ವರ್ಷದ ಪುಸ್ತಕ ಅಚ್ಚಾಯಿತು. ಈಗಲೂ ನಡೀತಾ ಉಂಟು, ಜಗತ್ತಿನ 50ಕ್ಕೂ ಹೆಚ್ಚು ಭಾಷೆಗಳಲ್ಲಿ ಬರ್ತದೆ. ಹಳೆ ಒಡಂಬಡಿಕೆಯ ಸುಮಾರು 1,800 ವಚನಗಳ ಒಂದು ಸಂಗ್ರಹ ಉಂಟು, ಅದರಿಂದ ಪ್ರತಿ ದಿನಕ್ಕೆ ಒಂದು ಅಂತ ಚೀಟಿ ಎತ್ತುವುದು. ಆ ಎತ್ತಿದ್ದಕ್ಕೆ ಸರಿಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಮನುಷ್ಯರು ಆರಿಸ್ತಾರೆ.

— ನಮ್ಮ ಬಾಸೆಲ್ ಮಿಶನಿನವರು ಅಲ್ಲಿಯವರಾ?

— ಅವರಲ್ಲ. 1834ರಲ್ಲಿ ಮಂಗಳೂರಿಗೆ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಹುಟ್ಟಿದ ಸಂಸ್ಥೆಯವರು. ಆಮೇಲೆ ಬಂದವರಲ್ಲಿ ತುಂಬಾ ಜನ ವುರ್ಟೆಂಬರ್ಗಿನವರು. ಆದ್ರೆ ಮನೆಯಲ್ಲಿ ಕೂತು ವೇದ ಓದಿ, ಅದನ್ನು ಬದುಕಿಗೆ ತಾಗಿಸಿ ನೋಡಬೇಕು ಅನ್ನುವ ಭಕ್ತಿ ಎರಡೂ ಕಡೆ ಒಂದೇ ಜಾತಿಯದ್ದು. ನಮ್ಮ ಸಂಜೆಯ ಕುಟುಂಬ ಪ್ರಾರ್ಥನೆಯ ಬೇರು ಅಲ್ಲಿ ಎಲ್ಲೋ ಉಂಟು.

— ಚೀಟಿ ಎತ್ತಿದರೆ ಸಿಹಿ ಆರಿಸುವ ಚಾಳಿ ತಪ್ಪುತ್ತದೆ, ಒಪ್ಪುತ್ತೇನೆ. ಆದ್ರೆ ಅದು ಗಿಳಿಶಾಸ್ತ್ರ ಆಗುವುದಿಲ್ವಾ? ಇವತ್ತು ಬಂದ ವಚನ ಇವತ್ತಿನ ನನ್ನ ಭವಿಷ್ಯ. ಹಿಂದೆಮುಂದೆ ಎಂತ ಉಂಟು ಅಂತ ನೋಡುವ ಹಾಗೇ ಇಲ್ಲ.

— ಆಗ್ತದೆ. ನಮ್ಮಲ್ಲೇ ಇದ್ದಾರಲ್ಲ, ಸೈಟು ತೆಗೆದುಕೊಳ್ಳುವುದಾ ಬೇಡವಾ ಅಂತ ಕಣ್ಣು ಮುಚ್ಚಿ ವೇದ ತೆರೆದು ಬೆರಳಿಡುವವರು. ಆದ್ರೂ ನನಗೆ ಒಂದು ಸಂಗತಿ ಬಿಡದೆ ಕಾಡ್ತದೆ. ಬಾನ್‌ಹಾಫರ್ ಗೊತ್ತಲ್ಲ?

— ಹಿಟ್ಲರನ ಕಾಲದ ಪಾದ್ರಿ. ಗಲ್ಲಿಗೆ ಹಾಕಿದರು.

— 1945ರ ಏಪ್ರಿಲ್ 9. ಅವನಿಗೆ ಹರ್ನ್‌ಹುಟ್ಟಿನ ಆ ಪುಸ್ತಕ ಓದುವ ಅಭ್ಯಾಸ ಇತ್ತು. 1939ರ ಜೂನಿನಲ್ಲಿ ಅವನು ನ್ಯೂಯಾರ್ಕಿಗೆ ಬಂದ. ಯುದ್ಧ ಶುರುವಾಗುವ ಹಾಗಿತ್ತು, ಜರ್ಮನಿಯಲ್ಲಿದ್ದರೆ ಸೈನ್ಯಕ್ಕೆ ಸೇರ್ಬೇಕು, ಇಲ್ಲದಿದ್ದರೆ ಜೈಲು. ಸ್ನೇಹಿತರು ಅಮೇರಿಕದಲ್ಲಿ ಕೆಲಸ ಗೊತ್ತು ಮಾಡಿದ್ದರು. ಬಂದವನಿಗೆ ಸಮಾಧಾನ ಇಲ್ಲ. ಅಲ್ಲಿಯ ತನ್ನ ಜನ ಕಷ್ಟದಲ್ಲಿರುವಾಗ ತಾನಿಲ್ಲಿ ಎಂತ ಮಾಡ್ತಿದ್ದೇನೆ ಅಂತ. ಜೂನ್ 26ಕ್ಕೆ ಅವನು ಓದಿದ್ದು ಎರಡನೇ ತಿಮೊಥೆಯ 4:21. ಚಳಿಗಾಲದೊಳಗೆ ಬರಲಿಕ್ಕೆ ಪ್ರಯತ್ನ ಮಾಡು ಅಂತ ಪೌಲ ತಿಮೊಥೆಯನಿಗೆ ಹೇಳುವ ಮಾತು.

— ಅದು ವೈಯಕ್ತಿಕ ಕಾಗದ ಮಾವ! ಅದೇ ಅಧ್ಯಾಯದಲ್ಲಿ, ತ್ರೋವದಲ್ಲಿ ಬಿಟ್ಟು ಬಂದ ನನ್ನ ಕಂಬಳಿ, ಪುಸ್ತಕ ಎಲ್ಲ ತೆಗೆದುಕೊಂಡು ಬಾ ಅಂತಲೂ ಉಂಟು. ಜೈಲಿನಲ್ಲಿರುವ ಮುದುಕನಿಗೆ ಚಳಿ.

— ಅದೇ ನಾನು ಹೇಳುವುದು. ನಿನ್ನ ಲೆಕ್ಕದಲ್ಲಿ ಅವನು ಮಾಡಿದ್ದು ಶುದ್ಧ ತಪ್ಪು. ಹಿಂದೆಮುಂದೆ ಬಿಟ್ಟು, ಯಾರಿಗೋ ಬರೆದದ್ದನ್ನು ತನಗೆ ಅಂತ ತೆಗೆದುಕೊಂಡ. ಹಾಗೆ ತೆಗೆದುಕೊಂಡರೆ ವೇದದ ದುರುಪಯೋಗ ಅಲ್ಲ ಅನ್ನುವ ಅರ್ಥದಲ್ಲಿ ಡೈರಿಯಲ್ಲೂ ಬರೆದಿಟ್ಟ. ಜುಲೈ ಮೊದಲ ವಾರ ಮುಗಿಯುವಷ್ಟರಲ್ಲಿ ಹಡಗು ಹತ್ತಿ ವಾಪಸು ಹೋದ. ಸೆಪ್ಟೆಂಬರ್ 1ಕ್ಕೆ ಯುದ್ಧ.

— …

— ಎಂತ, ಮಾತೇ ಇಲ್ಲ?

— ಯೋಚನೆ ಮಾಡ್ತಿದ್ದೇನೆ. ಆ ವಚನ ಅವನಿಗೆ ಏನೂ ಕೊಡಲಿಲ್ಲ. ಅಂದ್ರೆ, ಸುರಕ್ಷಿತವಾಗಿ ಇದ್ದವನನ್ನು ಅಪಾಯದ ಕಡೆಗೆ ಕಳಿಸಿತು. ನಮ್ಮ ಕಾರ್ಡುಗಳು ಹಾಗೆ ಮಾಡುವುದಿಲ್ಲ. ಜಿಮ್ಮಿನಲ್ಲಿ ಟೀಶರ್ಟ್ ಮೇಲೆ ಫಿಲಿಪ್ಪಿ 4:13 ಹಾಕಿಕೊಂಡು ಬರ್ತಾರೆ, ನನ್ನಿಂದ ಎಲ್ಲ ಸಾಧ್ಯ ಅಂತ. ಪೌಲ ಅದನ್ನು ಬರೆದದ್ದು ಊಟ ಇದ್ದರೂ ಸರಿ ಹಸಿವಾದರೂ ಸರಿ, ಎರಡನ್ನೂ ಕಲಿತಿದ್ದೇನೆ ಅಂತ ಹೇಳ್ತಾ, ಕಾವಲಲ್ಲಿ ಕೂತು. ಅದೂ ಹಿಂದೆಮುಂದೆ ಬಿಟ್ಟದ್ದೇ, ಬಾನ್‌ಹಾಫರನದ್ದೂ ಬಿಟ್ಟದ್ದೇ. ಆದ್ರೂ ಎರಡೂ ಒಂದೇ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

— ನನಗೂ ಬರುವುದಿಲ್ಲ. ಇನ್ನೂ ಒಂದು ಉಂಟು. ಅವನು ಆ ಒಂದು ದಿನ ಬೆರಳಿಟ್ಟು ತೆಗೆದದ್ದಲ್ಲ. ವರ್ಷಗಟ್ಟಲೆ ದಿನಾ ಓದಿದವನು, ತನ್ನ ಹತ್ತಿರ ಕಲಿಯಲಿಕ್ಕೆ ಬಂದ ಹುಡುಗರನ್ನೂ ಒಂದೇ ಭಾಗದ ಮೇಲೆ ವಾರಪೂರ್ತಿ ಧ್ಯಾನ ಮಾಡಲಿಕ್ಕೆ ಕೂರಿಸಿದವನು. ಹುಡುಗರು ಬೇಸತ್ತು ಹೋಗಿದ್ದರಂತೆ. ಅಷ್ಟು ಓದಿದವನಿಗೆ ಆ ದಿನ ಒಂದು ವಚನ ಬಂದು ತಾಗಿದ್ದಕ್ಕೂ, ನಾನು ಸೈಟಿಗೋಸ್ಕರ ಬೆರಳಿಡುವುದಕ್ಕೂ ವ್ಯತ್ಯಾಸ ಇಲ್ವಾ?

— ಹಾಗಾದ್ರೆ ದಿನಕ್ಕೊಂದು ಹೊಸ ವಚನ ಯಾಕೆ ಬೇಕು? ಒಂದನ್ನೇ ವಾರ ಇಟ್ಟುಕೊಂಡರೆ ಆಗುವುದಿಲ್ವಾ?

— ಅದಕ್ಕೂ ಒಬ್ಬ ಇದ್ದಾನೆ. ಈಜಿಪ್ಟಿನ ಮರುಭೂಮಿಯ ಸನ್ಯಾಸಿ, ಪಾಂಬೋ ಅಂತ, ನಾಲ್ಕನೇ ಶತಮಾನದವನು. ಓದು ಬರಹ ಬಾರದವನು. ಒಂದು ಕೀರ್ತನೆ ಕಲಿಸಿ ಅಂತ ಒಬ್ಬರ ಹತ್ತಿರ ಹೋದ. ಅವರು 39ನೇ ಕೀರ್ತನೆಯ ಮೊದಲ ವಚನ ಹೇಳಿಕೊಟ್ಟರು. ನಾಲಿಗೆಯಿಂದ ಪಾಪ ಮಾಡದ ಹಾಗೆ ಎಚ್ಚರವಾಗಿರ್ತೇನೆ ಅನ್ನುವ ಮಾತು. ಇಷ್ಟು ಸಾಕು, ಇದನ್ನು ಮಾಡಿ ನೋಡಿ ಬರ್ತೇನೆ ಅಂತ ಎದ್ದು ಹೋದವನು ಬರಲೇ ಇಲ್ಲ. ಆರು ತಿಂಗಳಾದ ಮೇಲೆ ಸಿಕ್ಕಿದಾಗ ಗುರುಗಳು ಬೈದರು. ಇನ್ನೂ ಮೊದಲನೇ ವಚನವೇ ಆಗಲಿಲ್ಲ ಅಂದ. ಎಷ್ಟೋ ಕಾಲದ ನಂತರ, ಕಲಿತೆಯಾ ಅಂತ ಯಾರೋ ಕೇಳಿದ್ದಕ್ಕೆ, 19 ವರ್ಷದಲ್ಲಿ ಕಷ್ಟದಿಂದ ಸ್ವಲ್ಪ ಬಂತು ಅಂದನಂತೆ. ಸೊಕ್ರಾಟಿಸ್ ಅಂತ ಐದನೇ ಶತಮಾನದ ಇತಿಹಾಸಕಾರ ಬರೆದಿಟ್ಟದ್ದು. ಗ್ರೀಸಿನ ಆ ಸೊಕ್ರಾಟಿಸ್ ಅಲ್ಲ, ಇವನು ಕಾನ್ಸ್‌ಟಾಂಟಿನೋಪಲಿನವನು.

— 19 ವರ್ಷ ಒಂದೇ ವಚನ ಹಾಕಿದರೆ ನಿಮ್ಮ ಗ್ರೂಪಿನವರು ನಿಮ್ಮನ್ನು ತೆಗೆದು ಹಾಕ್ತಾರೆ.

— ಮತ್ತೆಂತ! ನನಗೂ ಅಷ್ಟು ಬೇಡ. ನಾಲಿಗೆಯ ವಿಷಯ ನಮ್ಮ ಸಭೆಯ ಮಹಾಸಭೆಗೆ ಸ್ವಲ್ಪ ಬೇಕಿತ್ತು, ಅದು ಬೇರೆ ಮಾತು. ಈಗ ನಾನು ನಿನ್ನನ್ನು ಕೇಳ್ತೇನೆ. ಮೆಟ್ರೋದಲ್ಲಿ ಅಷ್ಟು ಅಧ್ಯಾಯ ಓದ್ತೀಯಲ್ಲ, ಹಿಂದೆಮುಂದೆ ಎಲ್ಲ ಗೊತ್ತುಂಟಲ್ಲ, ಅದರಲ್ಲಿ ಯಾವುದಾದರೂ ನಿನಗೆ ಅಡ್ಡ ಬಂತಾ? ಇಳಿಯುವ ಸ್ಟೇಷನಿನಲ್ಲಿ ಕಾಲು ಹಿಡಿದದ್ದು?

— ಇಳಿಯುವಾಗ ಫೋನ್ ಬ್ಯಾಗಿಗೆ ಹಾಕ್ತೇನೆ ಮಾವ. ಅದರೊಟ್ಟಿಗೆ ಯೆರೆಮೀಯನೂ ಬ್ಯಾಗಿಗೆ.

— ಯಾಕೋಬ ಕನ್ನಡಿಯ ವಿಷಯ ಹೇಳ್ತಾನಲ್ಲ, ನೋಡಿ ಹೋಗಿ ಮುಖ ಹೇಗಿತ್ತೆಂದು ಮರೆತವನು.

— ಗೊತ್ತು. ಆದ್ರೆ ಈಗ ಕಾಲು ಹಿಡಿದದ್ದು ವೇದದ ವಚನ ಅಲ್ಲ, ಅಜ್ಜನ ಪೇಪರ್. ಕಲ್ಲಿನ ಕೆಳಗೆ ಹಾಕಿದ್ದು.

— ಅದೆಂತ?

— ಇವತ್ತು ಶುಕ್ರವಾರ. ಆರು ಗಂಟೆಯೊಳಗೆ ನಾನು ಟೈಮ್‌ಶೀಟ್ ಹಾಕ್ಬೇಕು.

— ಹಾಗಂದ್ರೆ ಹಾಜರಿ ಪುಸ್ತಕವಾ?

— ಅದಕ್ಕಿಂತ ಹೆಚ್ಚು. ನಮ್ಮ ಕೆಲಸಕ್ಕೆ ದುಡ್ಡು ಕೊಡುವುದು ಅಮೇರಿಕದ ಒಂದು ಕಂಪನಿ. ಗಂಟೆಗೆ ಇಷ್ಟು ಡಾಲರ್ ಅಂತ. ಅವರ ಕೆಲಸಕ್ಕೆ ಈ ವಾರ ನಾನು ಎಷ್ಟು ಗಂಟೆ ಕೊಟ್ಟೆ ಅಂತ ನಾನೇ ತುಂಬಿಸ್ಬೇಕು, ಆ ಲೆಕ್ಕದ ಮೇಲೆ ಅವರಿಗೆ ಬಿಲ್ ಹೋಗ್ತದೆ. ವಾರಕ್ಕೆ 40 ಗಂಟೆ. ಈ ವಾರ ಅವರದ್ದು ಅಂತ ನಾನು ಮಾಡಿದ ಕೆಲಸ 26 ಗಂಟೆ. ಅವರ ಕಡೆಯಿಂದ ಒಂದು ಅಪ್ರೂವಲ್ ಬರಲಿಕ್ಕೆ ಕಾದು ಕೂತದ್ದು 6 ಗಂಟೆ. ಉಳಿದ 8 ನಮ್ಮದೇ ಕಂಪನಿಯ ಟ್ರೇನಿಂಗ್. ಮಧ್ಯಾಹ್ನ ಮ್ಯಾನೇಜರ್ ಮೆಸೇಜ್ ಹಾಕಿದ್ದಾರೆ, ಎಲ್ಲರೂ 40 ಹಾಕಿ ಅಂತ.

— ಎಲ್ಲರೂ ಹಾಕ್ತಾರಾ?

— ಹಾಕ್ತಾರೆ. ಅದೊಂದು ದೊಡ್ಡ ಇನ್ಶೂರೆನ್ಸ್ ಕಂಪನಿ ಮಾವ, ಅವರಿಗೆ ಇದು ಲೆಕ್ಕಕ್ಕೇ ಇಲ್ಲ. ಒಂದು ಚಮಚ ಸಕ್ಕರೆ.

— ಅದು ನೀನೇ ಹೇಳಿದ್ದು, ನಾನಲ್ಲ.

— ನೀವು ಹೇಳದಿದ್ದರೂ ನಿಮ್ಮ ಮುಖ ಹೇಳ್ತಾ ಉಂಟು. ಆದ್ರೆ ಇದು ಅಷ್ಟು ಸಸಾರ ಅಲ್ಲ. ಕಾದು ಕೂತದ್ದು ಅವರಿಗೋಸ್ಕರವೇ ಅಲ್ವಾ? ಬೇರೆ ಕೆಲಸ ಮಾಡಲಿಕ್ಕಿಲ್ಲ, ಎದ್ದು ಹೋಗಲಿಕ್ಕಿಲ್ಲ. ರಿಕ್ಷಾದವರು ವೇಟಿಂಗ್ ಚಾರ್ಜ್ ತೆಗೆದುಕೊಳ್ಳುವುದಿಲ್ವಾ?

— ತೆಗೆದುಕೊಳ್ತಾರೆ, ಅದು ನ್ಯಾಯ. ಕರಾರಿನಲ್ಲಿ ಎಂತ ಬರೆದಿದೆ?

— ಅದನ್ನು ಯಾರು ಓದ್ತಾರೆ?

— ಹತ್ತನೇ ವಚನ ಬಿಟ್ಟದ್ದಕ್ಕೆ ನೀನು ನನ್ನನ್ನು ಇಷ್ಟು ಹೊತ್ತು ಹುರಿದೆ.

— ಸರಿ, ಸರಿ. ಓದಿದ್ದೇನೆ, ಸೇರುವಾಗ ತೋರಿಸಿದ್ದರು. ಕಾಯುವ ಹೊತ್ತಿಗೆ ಬೇರೆ ಕೋಡ್ ಉಂಟು, ದರ ಕಮ್ಮಿ. ಟ್ರೇನಿಂಗಿಗೆ ಅವರು ಕೊಡಬೇಕಾಗಿಲ್ಲ, ಅದು ನಮ್ಮ ಕಂಪನಿಯ ಖರ್ಚು. ಸರಿಯಾಗಿ ಹಾಕುವುದಾದರೆ 26, 6, 8. ಮೂರು ಸಾಲು.

— ಅಂದ್ರೆ ನಿನಗೆ ಎಲ್ಲ ಗೊತ್ತುಂಟು. ವಚನದ್ದೂ ಅಗತ್ಯ ಇಲ್ಲ, ನನ್ನದ್ದೂ ಅಗತ್ಯ ಇಲ್ಲ.

— ಗೊತ್ತಿರುವುದರಲ್ಲಿ ಕಷ್ಟ ಇಲ್ಲ ಮಾವ. ಬೆಳಿಗ್ಗೆ ಆಮೋಸನನ್ನೇ ಓದ್ತಿದ್ದೆ. ಎಂಟನೇ ಅಧ್ಯಾಯ. ಸಬ್ಬತ್ ದಿನ ಯಾವಾಗ ಮುಗೀತದೆ, ಯಾವಾಗ ಗೋದಿ ಮಾರುವುದು, ಅಳತೆ ಕಿರಿದು ಮಾಡುವುದು ಅಂತ ಕಾಯುವ ವ್ಯಾಪಾರಿಗಳು ಬರ್ತಾರಲ್ಲ. ಅವರು ಸಬ್ಬತ್ ಬಿಟ್ಟವರಲ್ಲ, ಅಚ್ಚುಕಟ್ಟಾಗಿ ಆಚರಿಸುವವರು. ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂತ ಖುಷಿಪಟ್ಟು ಗೆರೆ ಎಳೆದೆ. ಟೈಮ್‌ಶೀಟ್ ನೆನಪಾಗಲೇ ಇಲ್ಲ.

— ನಿನಗೆ ನೆನಪಾದದ್ದು ಪೇಪರ್ ತುಂಡಿನಿಂದ. ಅದಕ್ಕೆ ನಾನು ಚಿಂತನೆಯಲ್ಲಿ ಅಂಗಡಿ, ಬಸ್ಸು, ಮೀನು ಮಾರ್ಕೆಟ್ಟು ಅಂತ ಬರೆಯುವುದು. ನಿಮಗೆ ಅದು ಹಳ್ಳಿ ಮೇಷ್ಟ್ರ ಕಥೆ ಅನ್ನಿಸ್ತದೆ.

— ನೀವು ಬರೆಯುವ ಅಂಗಡಿಯಲ್ಲಿ ಕಡೆಗೆ ಎಲ್ಲರಿಗೂ ಒಳ್ಳೆಯದೇ ಆಗ್ತದೆ. ಅಜ್ಜನ ಪಕ್ಕದ ಅಂಗಡಿಯವರು ಮಾತು ಬಿಟ್ಟದ್ದು ನಿಮ್ಮ ಚಿಂತನೆಯಲ್ಲಿ ಬರುವುದೇ ಇಲ್ಲ. ಅಜ್ಜಿ ಗೊಣಗಿದ್ದೂ ಬರುವುದಿಲ್ಲ. ಅದು ಬಂದಿದ್ದರೆ ನಾನು ಓದ್ತಿದ್ದೆ.

— ಹ್ಞೂಂ. ಅದನ್ನು ಬರೆದರೆ ಜಾಗ ಸಾಲುವುದಿಲ್ಲ ಅಂತ ಬಿಡ್ತೇನೆ ಅಂದುಕೊಂಡಿದ್ದೆ. ಜಾಗದ ಪ್ರಶ್ನೆ ಅಲ್ಲವೇನೋ. ಈಗ ಹೇಳು, ಮೂರು ಸಾಲು ಹಾಕಿದರೆ ಎಂತ ಆಗ್ತದೆ?

— ಮ್ಯಾನೇಜರ್ ರಿಜೆಕ್ಟ್ ಮಾಡ್ತಾರೆ. ಸರಿಪಡಿಸಿ ಹಾಕಿ ಅಂತ ವಾಪಸು ಬರ್ತದೆ. ಸೋಮವಾರ ಫೋನ್ ಬರ್ತದೆ. ನನ್ನೊಬ್ಬಳದ್ದು 26 ಇದ್ದು ಉಳಿದವರದ್ದು 40 ಇದ್ದರೆ ಆ ಕಡೆಯವರು ಕೇಳ್ತಾರೆ. ಟೀಮಿನವರಿಗೆ ನನ್ನ ಮೇಲೆ ಸಿಟ್ಟು ಬರ್ತದೆ, ಅವರೆಲ್ಲ ಕೆಟ್ಟವರಲ್ಲ ಮಾವ. ಒಬ್ಬನಿಗೆ ಮನೆ ಸಾಲ, ಇನ್ನೊಬ್ಬಳಿಗೆ ಈಗಷ್ಟೇ ಮಗು ಆಗಿದೆ.

— ಅವರದ್ದು ಅವರಿಗೆ ಬಿಡು. ನೀನು ಅವರಿಗೆ ಮೊದಲೇ ಹೇಳ್ತೀಯಾ, ಇಲ್ಲ ಹಾಕಿದ ಮೇಲೆ ಗೊತ್ತಾಗಲಿ ಅಂತ ಇರ್ತೀಯಾ?

— ಮೊದಲೇ ಹೇಳ್ಬೇಕು. ಇಲ್ಲದಿದ್ದರೆ ಬೆನ್ನಹಿಂದೆ ಮಾಡಿದ ಹಾಗೆ ಆಗ್ತದೆ. ಮ್ಯಾನೇಜರಿಗೂ ಹಾಕುವ ಮೊದಲು ಒಂದು ಫೋನ್ ಮಾಡ್ತೇನೆ. ಕರಾರಿನಲ್ಲಿ ಹೀಗೆ ಉಂಟು, ಕಾಯುವ ಕೋಡ್ ನಾವು ಯಾಕೆ ಬಳಸುವುದಿಲ್ಲ ಅಂತ ಕೇಳ್ತೇನೆ. ಅವರಿಗೂ ಮೇಲಿನಿಂದ ಒತ್ತಡ ಇರ್ತದೆ.

— ವಚನ ಗಿಚನ ಹೇಳ್ಬೇಡ ಅವರಿಗೆ.

— ಹುಚ್ಚಾ ನನಗೆ? ಕರಾರಿನ ಪುಟದ ನಂಬ್ರ ಹೇಳ್ತೇನೆ.

— ನಿನ್ನ ಸಂಬಳಕ್ಕೆ ತೊಂದರೆ ಉಂಟಾ?

— ಸಂಬಳಕ್ಕಿಲ್ಲ. ವರ್ಷದ ಕೊನೆಗೆ ರೇಟಿಂಗ್ ಅಂತ ಕೊಡ್ತಾರೆ. ಅದು ಕಮ್ಮಿ ಮಾಡಿದರೆ ಬೋನಸ್ ಹೋಗ್ತದೆ.

— ಎಷ್ಟು?

— ಸುಮಾರು ಒಂದು ತಿಂಗಳ ಸಂಬಳ.

— ಅದು ಸಣ್ಣದಲ್ಲ. ದೇವರು ಬೇರೆ ದಾರಿಯಲ್ಲಿ ಕೊಡ್ತಾನೆ ಅಂತ ಹೇಳುವ ಅಭ್ಯಾಸ ನನ್ನ ಬಾಯಿಗೆ ಉಂಟು, ಇವತ್ತು ಹೇಳುವುದಿಲ್ಲ. ಕೊಡದೆಯೂ ಇರಬಹುದು. ಅಪ್ಪನಿಗೆ ಆ ಪೇಪರಿನಿಂದ ಗಿರಾಕಿ ಹೆಚ್ಚಾದದ್ದು ನಾನು ನೋಡಲಿಲ್ಲ.

— ಬೇಡ, ಹೇಳ್ಬೇಡಿ. ಈಗ ಗಂಟೆ ಎಷ್ಟು?

— ಐದೂಕಾಲು.

— ನಿಮ್ಮ ವೈಫೈ ಪಾಸ್‌ವರ್ಡ್ ಹೇಳಿ, ನನ್ನ ಫೋನಿನಲ್ಲಿ ಸಿಗ್ನಲ್ ಇಲ್ಲ. ಅತ್ತೆಯ ಹತ್ತಿರ ಚಾ ಈಗ ಬೇಡ ಅಂತ ಹೇಳಿ. ಮೊದಲು ಮ್ಯಾನೇಜರಿಗೆ ಫೋನ್ ಮಾಡ್ತೇನೆ, ನೀವು ಸ್ವಲ್ಪ ಒಳಗೆ ಹೋಗಿ. ನೀವು ಎದುರು ಕೂತರೆ ನಾನು ಸಂಡೇ ಸ್ಕೂಲ್ ಹುಡುಗಿಯ ಹಾಗೆ ಮಾತಾಡ್ತೇನೆ.